ತಾರ್ಲೆ ಕೊಯ್ಯುತ್ತ ಹೇಳಿದ ತೇರ್ಸ್

ಹೊನ್ನಾವರ ಕಡೆಯ ಒಬ್ಬ ತಾಯಿ ಆರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪೂರ್ತಿ ಅಚ್ಚು ಮಾಡಲು ಜಾಗ ಇಲ್ಲ. ಸಾರ ಇಷ್ಟು: ಮಗಳು ಒಂಬತ್ತನೇ ಕ್ಲಾಸು, ಮಗ ಐದನೇ ಕ್ಲಾಸು. ಮೊದಲು ಅವರ ಮನೆಯಲ್ಲಿ ದಿನಾ ಸಂಜೆ ಏಳೂವರೆಗೆ ಎಲ್ಲರೂ ಕೂತು ತೇರ್ಸ್ ಹೇಳುತ್ತಿದ್ದರು. ತೇರ್ಸ್ ಅಂದರೆ ಕೊಂಕಣಿ ಕ್ಯಾಥೊಲಿಕರ ಜಪಸರದ ಪ್ರಾರ್ಥನೆ. ಈಗ ಮಗಳು ಟ್ಯೂಷನ್ ಮುಗಿಸಿ ಬರುವಾಗಲೇ ಎಂಟೂವರೆ. ಮಗನಿಗೆ ಹೋಂವರ್ಕು. ಇವರು ಸಂಜೆ ಮೀನು ಕೊಯ್ಯುತ್ತ, ಅನ್ನ ಬಸಿಯುತ್ತ ಒಬ್ಬರೇ ಹೇಳಿಕೊಳ್ಳುತ್ತಾರೆ. "ತೇರ್ಸ್ ಇಲ್ಲದ ಮನೆ ಉಳಿಯೋದಿಲ್ಲ" ಎಂದು ಅತ್ತೆ ಗೊಣಗುತ್ತಾರೆ. ಒಂದು ಧ್ಯಾನಕೂಟಕ್ಕೆ ಹೋದರೆ ಅಲ್ಲಿ ಮಾತಾಡಿದವರೂ ಮಕ್ಕಳು ದಾರಿ ತಪ್ಪಿದರೆ ತಾಯಿಯೇ ಹೊಣೆ ಎಂದರಂತೆ. ಕೊನೆಗೆ ಕೇಳುತ್ತಾರೆ: "ತಾರ್ಲೆ ಕೊಯ್ಯುತ್ತ ಹೇಳಿದ ನಮಾನ್ ಮರಿಯೆ ಲೆಕ್ಕಕ್ಕೆ ಬರ್ತದಾ ಸಾರ್?" (ತಾರ್ಲೆ ಅಂದರೆ ಬೂತಾಯಿ ಮೀನು. ನಮಾನ್ ಮರಿಯೆ ಅಂದರೆ ತೇರ್ಸಿನಲ್ಲಿ ಮತ್ತೆ ಮತ್ತೆ ಹೇಳುವ, ಮರಿಯಮ್ಮನಿಗೆ ನಮನದ ಪ್ರಾರ್ಥನೆ.)

ತಂಗಿ, ಮೊದಲಿಗೆ ಒಂದು ಲೆಕ್ಕ ನಾನೇ ಹೇಳುತ್ತೇನೆ. ಆರು ಪುಟದಲ್ಲಿ "ಕ್ಷಮಿಸಿ" ಎಂದು ಹನ್ನೊಂದು ಸಲ ಬರೆದಿದ್ದೀರಿ. ಅಕ್ಷರ ಚೆನ್ನಾಗಿಲ್ಲ ಕ್ಷಮಿಸಿ, ಉದ್ದ ಆಯ್ತು ಕ್ಷಮಿಸಿ, ಹಿಂದೂಗಳಾದ ನಿಮಗೆ ಇದನ್ನೆಲ್ಲ ಬರೆಯುತ್ತಿದ್ದೇನೆ ಕ್ಷಮಿಸಿ. ಇನ್ನು ನಿಮ್ಮ ಯಜಮಾನರ ವಿಷಯ. ಅವರು ಪತ್ರದಲ್ಲಿ ಒಂದೇ ಸಲ ಬರುತ್ತಾರೆ: "ಆ ಹೊತ್ತಿಗೆ ಅವರು ಟಿವಿ ನೋಡುತ್ತಿರುತ್ತಾರೆ." ಇದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಅತ್ತೆಯ ಮಾತು ಸುಳ್ಳಲ್ಲ. ದಿನದಲ್ಲಿ ಒಂದು ಹೊತ್ತು ಮನೆಯವರೆಲ್ಲ ಒಟ್ಟಿಗೆ ಕೂರಬೇಕು. ಅದು ತಪ್ಪಿದರೆ ಮನೆ ಬರೀ ಲಾಡ್ಜ್ ಆಗುತ್ತದೆ. ಅವರು ಇಷ್ಟು ವರ್ಷ ಆ ಹೊತ್ತನ್ನು ಕಾಪಾಡಿದ್ದಾರೆ, ಅವರಿಗೆ ನನ್ನ ನಮಸ್ಕಾರ.

ಆದರೆ ಅದನ್ನು ಕಾಯುವ ಕೆಲಸ ನಿಮ್ಮೊಬ್ಬರದೇ ಎಂದು ಯಾರು ಹೇಳಿದರು?

ನಾನು ಬೆಳೆದದ್ದು ಕುಮಟಾ ಕಡೆ. ನಮ್ಮ ಮನೆಗೂ ಪಕ್ಕದ ಕ್ರಿಶ್ಚನ್ನರ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ ಮಾತ್ರ. ಆ ಮನೆಯಾಕೆಯನ್ನು ನಾವು ಬಾಯಮ್ಮ ಎನ್ನುತ್ತಿದ್ದೆವು. ಸಂಜೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆಮೊರಿ ಎಂಬ ಸಂಜೆ ಪ್ರಾರ್ಥನೆಯ ಗಂಟೆ ಹೊಡೆದರೆ ನಮ್ಮಮ್ಮ ದೀಪ ಹಚ್ಚುತ್ತಿದ್ದಳು. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ತೇರ್ಸ್ ಶುರು. ನನಗೆ ಇವತ್ತಿಗೂ ಅದು ಕಿವಿಯಲ್ಲಿದೆ: "ನಮಾನ್ ಮರಿಯೆ, ಕುರ್ಪೆನ್ ಭರ್ಲ್ಲೆ... ಏ, ಬೆಕ್ಕು ನೋಡೋ, ಮೀನಿಗೆ ಬಾಯಿ ಹಾಕ್ತು!... ಸರ್ವೇಸ್ಪರ್ ತುಜೆ ಸಂಗಾತಾ ಆಸಾ." ಈ ಕಡೆ ನಮ್ಮಮ್ಮ: "ಶುಭಂ ಕರೋತಿ ಕಲ್ಯಾಣಂ... ಹಾಲು ಉಕ್ತು, ಯಾರಾದ್ರೂ ಕೆಳಗಿಳಿಸ್ರೋ!" ಇಬ್ಬರೂ ಬಿಟ್ಟಲ್ಲಿಂದಲೇ ಮತ್ತೆ ಹಿಡಿಯುತ್ತಿದ್ದರು. ಒಂದು ಅಕ್ಷರ ತಪ್ಪುತ್ತಿರಲಿಲ್ಲ.

ತೇರ್ಸ್ ಮುಗಿದ ಮೇಲೆ ಆ ಮನೆಯ ಮಕ್ಕಳು ಸಾಲಾಗಿ ನಿಂತು ಬೆಸಾಂವ್ ಕೇಳುತ್ತಿದ್ದರು. ಹಿರಿಯರ ಆಶೀರ್ವಾದ. ಒಂದು ಕ್ರಿಸ್ಮಸ್‌ಗೆ ನಾನೂ ಆ ಸಾಲಿನಲ್ಲಿ ನಿಂತೆ. ಸಾಲಿನ ಕೊನೆಯಲ್ಲಿ ನೆವ್ರಿ (ಕರ್ಜಿಕಾಯಿ) ಹಂಚುತ್ತಾರೆ ಎಂಬ ಅಂದಾಜಿತ್ತು, ಅಷ್ಟೇ. ಬಾಯಮ್ಮ ನನ್ನ ಮುಖ ನೋಡಿದಳು. ಜುಟ್ಟು ನೋಡಿದಳು. ನಗು ತಡೆದುಕೊಂಡು ತಲೆ ಮೇಲೆ ಕೈ ಇಟ್ಟಳು. ಆ ಕೈಗೆ ಒಣಮೀನಿನ ವಾಸನೆ ಇತ್ತು. ನಾನು ಮೀನು ತಿನ್ನುವವನಲ್ಲ ತಂಗಿ, ಆದರೆ ಆ ವಾಸನೆ ಬಂದರೆ ಈಗಲೂ ಮೂಗು ಮುಚ್ಚಲು ಮನಸ್ಸಾಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ. ಜಪಸರ ಹುಟ್ಟಿದ್ದು ಹೇಗೆ ಎಂದು ಓದಿದ್ದೀರಾ? ಮಠಗಳಲ್ಲಿ ಓದು ಬಂದ ಸನ್ಯಾಸಿಗಳು ಬೈಬಲ್ಲಿನ 150 ಕೀರ್ತನೆಗಳನ್ನು ಹೇಳುತ್ತಿದ್ದರು. ಅಕ್ಷರ ಬಾರದವರು, ಹೊಲದಲ್ಲಿ ಅಡುಗೆಮನೆಯಲ್ಲಿ ದುಡಿಯುವವರು ಅದರ ಬದಲು ಬಾಯಿಪಾಠದ ಪ್ರಾರ್ಥನೆಯನ್ನೇ 150 ಸಲ ಹೇಳಿಕೊಂಡರು. ಲೆಕ್ಕ ತಪ್ಪದಿರಲಿ ಎಂದು ಮಣಿ ಬಂತು. ಅಂದರೆ ಕೈತುಂಬ ಕೆಲಸ ಇದ್ದವರಿಗಾಗಿಯೇ ಆದ ಪ್ರಾರ್ಥನೆ ಇದು. ಅದನ್ನೇ ಹಿಡಿದುಕೊಂಡು ನಿಮ್ಮ ಕೈಯಲ್ಲಿ ಕೆಲಸ ಇದೆ ಎಂದು ಬೈಯುವುದಾ?

ಹದಿನಾರನೇ ಶತಮಾನದ ಸಂತ ತೆರೇಸ, ಸ್ಪೇನಿನ ಅವಿಲಾ ಊರಿನವರು, ತಮ್ಮ ಮಠದ ಸಿಸ್ಟರ್‌ಗಳಿಗೆ ಇದನ್ನೇ ಹೇಳಿದ್ದರು. ಅಡುಗೆ ಕೆಲಸಕ್ಕೆ ಹಾಕಿದರೆಂದು ಬೇಜಾರು ಮಾಡ್ಕೋಬೇಡಿ, ಪಾತ್ರೆಪಡಗದ ನಡುವೆಯೂ ದೇವರು ಓಡಾಡುತ್ತಾನೆ ಎಂದು. ಮುಂದಿನ ಶತಮಾನದಲ್ಲಿ ಪ್ಯಾರಿಸ್ಸಿನ ಒಂದು ಮಠದಲ್ಲಿ ಅಡುಗೆ ಮಾಡುತ್ತಿದ್ದ ಬ್ರದರ್ ಲಾರೆನ್ಸ್ ಕೂಡ ಅಡುಗೆಮನೆಯ ಗದ್ದಲದಲ್ಲೂ ತನಗೆ ಪ್ರಾರ್ಥನೆಯ ಶಾಂತಿಯೇ ಸಿಗುತ್ತದೆ ಎನ್ನುತ್ತಿದ್ದರು. (ಇವರಿಬ್ಬರಿಗೂ ಮಕ್ಕಳ ಟಿಫಿನ್ ಕಟ್ಟುವುದಿರಲಿಲ್ಲ, ಅದನ್ನೂ ಹೇಳಿಬಿಡಬೇಕು.) ಅಷ್ಟು ದೂರ ಯಾಕೆ? ನಮ್ಮ ಅಜ್ಜಿಯರು ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದೂ ದೇವರ ಪದವೇ. ರಾಗಕ್ಕೆ ತಕ್ಕಂತೆ ಗೂಟ ತಿರುಗುತ್ತಿತ್ತು. ಕಲ್ಲು ನಿಲ್ಲಿಸಿ ಬಂದು ಹಾಡು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಮನೆಯವರಿಗೆ ಅವತ್ತು ಹಿಟ್ಟಿರುತ್ತಿರಲಿಲ್ಲ.

ಇನ್ನೊಂದು ಮಾತು. ನಿಮ್ಮ ಅತ್ತೆ ಚಿಕ್ಕವರಿದ್ದಾಗ ಇಗರ್ಜಿಯ ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದಿರಬೇಕು, ಕೇಳಿ ನೋಡಿ. ಜನರ ಮಾತಿನಲ್ಲಿ ಪೂಜೆ ನಡೆಸಲು ವ್ಯಾಟಿಕನ್ ಮಹಾಸಭೆ ಒಪ್ಪಿದ್ದು 1963ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಪಾದ್ರಿಗಳು ಅರ್ಥವಾಗದ ಭಾಷೆಯಲ್ಲಿ ಪೂಜೆ ಮಾಡುತ್ತಿದ್ದರೆ ದೇವರ ಜೊತೆ ಕೊಂಕಣಿಯಲ್ಲಿ ಮಾತಾಡುವುದನ್ನು ಮಕ್ಕಳಿಗೆ ಕಲಿಸಿದವರು ಯಾರು? ಮನೆಯ ಹೆಂಗಸರು. ಒಲೆ ಊದುತ್ತ, ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಕೂತುಕೊಂಡೇ ಕಲಿಸಿದರು. ಹಾಗಾಗಿ ವೇದಿಕೆ ಮೇಲೆ ಮೈಕು ಹಿಡಿದು ತಾಯಂದಿರಿಗೆ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಲ್ಲ ಧರ್ಮದವರಲ್ಲೂ ಇಂಥವರಿದ್ದಾರೆ. ನಮ್ಮಲ್ಲೇನೂ ಕಡಿಮೆಯಿಲ್ಲ. ಮಗ ಸಂಧ್ಯಾವಂದನೆ ಬಿಟ್ಟರೂ ಬೈಗುಳ ಅಮ್ಮನಿಗೇ.

ಮಗಳು ಸಂಜೆ ಎಲ್ಲಿರುತ್ತಾಳೆ? ಟ್ಯೂಷನ್ನಿನಲ್ಲಿ. ಇದರ ಬಗ್ಗೆ ಹೇಳಲು ಹೊರಟರೆ ನನ್ನ ಹೆಂಡತಿ ಎದ್ದು ಹೋಗುತ್ತಾಳೆ, ನೀವಾದರೂ ಕೇಳಿ. ಬೆಳಗ್ಗೆಯಿಂದ ಸಂಜೆವರೆಗೆ ಶಾಲೆಯಲ್ಲಿ ಕಲಿಸದೇ ಇದ್ದದ್ದನ್ನು ರಾತ್ರಿ ಒಂದೂವರೆ ಗಂಟೆಯಲ್ಲಿ ಕಲಿಸುತ್ತಾರಂತೆ. ಹಾಗಾದರೆ ಶಾಲೆ ಯಾಕೆ? ಅದೂ ಸಾಲದೆ ಭಾನುವಾರ ಬೆಳಗ್ಗೆ ಸ್ಪೆಷಲ್ ಕ್ಲಾಸ್. ನಿಮ್ಮ ಮಕ್ಕಳಿಗೆ ಪೂಜೆ, ದೊತೊರ್ನ್ (ಧರ್ಮಪಾಠ) ಇರುವ ಹೊತ್ತಿಗೇ. ದೇಶಕ್ಕೆ ದೇಶವೇ ಬರೆಯುವ ನೀಟ್ ಪರೀಕ್ಷೆಯೂ 2024ರಲ್ಲಿ, 2025ರಲ್ಲಿ ಮೇ ತಿಂಗಳ ಭಾನುವಾರವೇ ಬಿತ್ತು. ಮಕ್ಕಳ ಸಂಜೆಯನ್ನು ನಾವೇ ಫೀಸು ಕಟ್ಟಿ ಮಾರಿದ್ದೇವೆ. ಆಮೇಲೆ ಮನೆಯಲ್ಲಿ ಪ್ರಾರ್ಥನೆ ಇಲ್ಲ, ಮಾತಿಲ್ಲ ಅಂತ ತಾಯಿಯ ಮೇಲೆ ಹಾಕುತ್ತೇವೆ.

ಒಂದು ಘಟನೆ ಹೇಳಬೇಕು. ನನ್ನ ಭಾವನಿಗೆ ಎದೆನೋವು ಬಂದಿತ್ತು. ಹತ್ತಿರದ ಆಸ್ಪತ್ರೆಯಲ್ಲಿ "ಇಲ್ಲಾಗಲ್ಲ, ಮುಂದೆ ಹೋಗಿ" ಎಂದರು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ "ಮುಂದೆ" ಅಂದರೆ ಮಣಿಪಾಲ, ಮಂಗಳೂರು, ಇಲ್ಲಾ ಗೋವಾ. ದೊಡ್ಡ ಆಸ್ಪತ್ರೆ ಬೇಕು ಎಂದು 2022ರಲ್ಲಿ ಜಿಲ್ಲೆಯ ಜನ ಎಷ್ಟು ಕೂಗಿದರು, ಮರೆತಿಲ್ಲ ತಾನೇ? ಇರಲಿ. ಅಂಬ್ಯುಲೆನ್ಸ್‌ನಲ್ಲಿ ಜೊತೆಗೆ ಬಂದ ನರ್ಸ್ ನಿಮ್ಮ ವಯಸ್ಸಿನ ಹೆಣ್ಣುಮಗಳು. ಒಂದು ಕೈ ಭಾವನ ನಾಡಿ ಮೇಲೆ. ಇನ್ನೊಂದು ಕೈ ಕೋಟಿನ ಜೇಬಿನಲ್ಲಿ. ಜೇಬಿನ ಬಟ್ಟೆ ಒಳಗಿನಿಂದ ಸಣ್ಣಗೆ ಅಲುಗುತ್ತಿತ್ತು. ಮೊದಲು ನನಗೆ ಗೊತ್ತಾಗಲಿಲ್ಲ. ಆಮೇಲೆ ತುಟಿ ನೋಡಿದೆ. ಮಣಿ ಎಣಿಸುತ್ತಿದ್ದಳು. ಭಟ್ಕಳ ದಾಟುವಾಗ ಫೋನ್ ಬಂತು. "ಹಿಟ್ಟು ಫ್ರಿಜ್‌ನಲ್ಲಿದೆ, ತಮ್ಮನಿಗೆ ದೋಸೆ ಹಾಕ್ಕೊಡು, ಗ್ಯಾಸ್ ಬಂದ್ ಮಾಡು ಮತ್ತೆ" ಎಂದಳು. ಫೋನ್ ಇಟ್ಟು ಮತ್ತೆ ಕೈ ಜೇಬಿಗೆ ಹಾಕಿದಳು. ಭಾವ ಉಳಿದ. ಅದು ಡಾಕ್ಟರರ ಕೆಲಸ, ಗೊತ್ತು. ಆದರೆ ಆ ರಾತ್ರಿ ನನ್ನ ಬಾಯಿಗೆ ಒಂದು ಶ್ಲೋಕವೂ ಬರಲಿಲ್ಲ. ಅವಳ ತೇರ್ಸ್‌ಗೇ ಜೋತುಬಿದ್ದು ಕೂತಿದ್ದೆ. ನಡುವೆ ದೋಸೆ ಬಂದದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದು ಯಾರಾದರೂ ನನ್ನ ಎದುರು ಹೇಳಿ ನೋಡಲಿ.

ಈಗ ಟಿವಿ ಎದುರು ಕೂತವರ ವಿಷಯ. ತಪ್ಪು ನಿಮ್ಮದೂ ಇದೆ ತಂಗಿ, ಬೇಜಾರು ಮಾಡ್ಕೋಬೇಡಿ. ಅವರನ್ನು ನೀವು ಒಂದು ದಿನವೂ ಕರೆದಂತಿಲ್ಲ. ನಮಾನ್ ಮರಿಯೆ ಗಂಡಸರಿಗೂ ಬಾಯಿಪಾಠ ಇರುತ್ತದೆ. ಎಂಟೂವರೆಗೆ ಮಗಳು ಬಂದ ಮೇಲೆ ಊಟಕ್ಕೆ ಮೊದಲು ಒಂದೇ ಒಂದು ಹತ್ತು ಮಣಿ ಹೇಳಿ, ಸಾಕು. ಐದು ಹತ್ತುಗಳ ಪೂರ್ತಿ ತೇರ್ಸ್ ಭಾನುವಾರಕ್ಕಿರಲಿ. ಶುರು ಮಾಡುವವರು ಅವರಾಗಲಿ. ನೀವು ಬೇಕಿದ್ದರೆ ಬೆಳ್ಳುಳ್ಳಿ ಸುಲಿಯುತ್ತ ಉತ್ತರ ಹೇಳಿ. ಬೆಸಾಂವ್ ಕೊಡುವ ಕೆಲಸ ಅತ್ತೆಯವರಿಗೆ ಒಪ್ಪಿಸಿ. ಅವರ ಗೊಣಗಾಟ ಅರ್ಧ ಕಡಿಮೆ ಆಗದಿದ್ದರೆ ನನಗೆ ಮತ್ತೆ ಬರೆಯಿರಿ. ಈ ಪುಟವನ್ನು ಯಜಮಾನರ ಕೈಗೆ ಕೊಡಿ. ಅವರು ಓದುವಾಗ ರಿಮೋಟು ನಿಮ್ಮ ಕೈಯಲ್ಲಿರಲಿ.

ಅಂದ ಹಾಗೆ, ನಿಮ್ಮ ಪತ್ರದ ನಾಲ್ಕನೇ ಪುಟಕ್ಕೆ ತಾರ್ಲೆಯ ಒಂದು ಹುರುಪೆ ಅಂಟಿಕೊಂಡಿತ್ತು. ನೀವು ನೋಡಿರಲಿಕ್ಕಿಲ್ಲ, ನೋಡಿದ್ದರೆ ಹನ್ನೆರಡನೇ "ಕ್ಷಮಿಸಿ" ಬರುತ್ತಿತ್ತು. ಬೆಳಕಿಗೆ ಹಿಡಿದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ತೆಗೆಯದೆ ಹಾಗೇ ಫೈಲಿನಲ್ಲಿ ಇಟ್ಟಿದ್ದೇನೆ. ಎರಡು ದಿನದಿಂದ ಆಫೀಸಿನ ಬೆಕ್ಕು ಆ ಕಪಾಟಿನ ಬುಡ ಬಿಟ್ಟು ಏಳುತ್ತಿಲ್ಲ.

- ಸಂ.