ಅಕ್ಕಾ, ಭಾನುವಾರ ಮರಿ ತರಬೇಡಿ

ಅಕ್ಕಾ, ಗುಂಪಿನಲ್ಲಿ ನೀವು ಹಾಕಿದ್ದು ಓದಿದೆ. ನಿಮ್ಮ ನಾಯಿ ಟೈಗರ್ ಸತ್ತುಹೋಗಿ ಇನ್ನೂ ಆರು ದಿನ. ಅವನ ಜೊತೆಗಿದ್ದ ರೂಬಿ ನಾಲ್ಕು ದಿನದಿಂದ ಊಟ ಬಿಟ್ಟು ಗೇಟಿನ ಹತ್ತಿರವೇ ಮಲಗಿದ್ದಾಳೆ, ಭಾನುವಾರ ಲ್ಯಾಬ್ರಡಾರ್ ಮರಿ ತಂದರೆ ಸರಿಹೋಗ್ತಾಳೆ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ನಾನೂ ಹೀಗೇ ಅಂದುಕೊಂಡು ಕೆಟ್ಟೆ.

ನಮ್ಮ ಕರಿಯ ಸತ್ತ ಮಾರನೇ ದಿನವೇ ಅವನ ಗೋಣಿಚೀಲ ಸುಟ್ಟು, ಜಗಲಿಗೆ ಫಿನಾಯಿಲ್ ಹಾಕಿ ತೊಳೆದೆ. ಅವನ ಜೊತೆಗಿದ್ದ ಹೆಣ್ಣು ನಾಯಿ ಚಿನ್ನಿ ಆ ಜಾಗ ಮೂಸುತ್ತಿದ್ದಳು, ಉಗುರಲ್ಲಿ ಕೆರೆಯುತ್ತಿದ್ದಳು, ಮತ್ತೆ ಮೂಸುತ್ತಿದ್ದಳು. ಐದನೇ ದಿನ ಹಾಸನದಿಂದ ಮರಿ ತಂದೆ. ಅದು ಕರಿಯನ ತಟ್ಟೆಗೆ ಬಾಯಿ ಹಾಕಿದ್ದೇ ತಡ, ಚಿನ್ನಿ ಅದರ ಕಿವಿ ಹರಿದುಬಿಟ್ಟಳು. ಆಮೇಲೆ ಜಗಲಿ ಹತ್ತಲೇ ಇಲ್ಲ, ಕಾಫಿ ಕಣದ ಶೆಡ್ಡಿನಲ್ಲೇ ಮಲಗಿದಳು. ಮರಿಯನ್ನು ಭಾವನ ಮನೆಗೆ ಕೊಡಬೇಕಾಯಿತು.

ಕೊನೆಗೆ ಕೈ ಹಿಡಿದಿದ್ದು ಮೊಳೆಗೆ ನೇತುಹಾಕಿದ್ದ ಕರಿಯನ ಹಳೇ ಬೆಲ್ಟ್. ಶೆಡ್ಡಿನಲ್ಲಿ ಅವಳ ಮುಂದೆ ಇಟ್ಟೆ. ತುಂಬಾ ಹೊತ್ತು ಮೂಸಿ, ಅದರ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿದಳು. ಅವತ್ತು ರಾತ್ರಿ ಸ್ವಲ್ಪ ಅನ್ನ ತಿಂದಳು. ಅದಕ್ಕೇ ಹೇಳ್ತಿರೋದು, ಟೈಗರ್ ಹಾಸಿಗೆ ಒಗೆಯಬೇಡಿ. ಅವನು ಪಾರ್ವೋದಿಂದ, ಅಂದರೆ ವಾಂತಿ ಭೇದಿ ತರುವ ಆ ವೈರಸ್ ಕಾಯಿಲೆಯಿಂದ, ಹೋಗಿದ್ದರೆ ಮಾತ್ರ ಸುಟ್ಟುಬಿಡಿ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತೆ, ಫಿನಾಯಿಲ್‌ಗೆ ಬಗ್ಗಲ್ಲ, ಬ್ಲೀಚಿಂಗೇ ಬೇಕು. ಲಸಿಕೆ ಮುಗಿಯದ ಮರಿಯನ್ನು ಅಂಥ ಮನೆಗೆ ತರಲೇಬಾರದು.

ಮೇಲೆ ಕಾಮೆಂಟಿನಲ್ಲಿ ಯಾರೋ "ಹಸಿವಾದ್ರೆ ತಾನೇ ತಿನ್ನುತ್ತೆ" ಅಂದಿದ್ದಾರೆ. ಹಾಗೆಲ್ಲಾ ಹೇಳಬೇಡಿ! ನಾಲ್ಕು ದಿನ ಜಾಸ್ತಿಯಾಯಿತು. ಮೂಡಿಗೆರೆ ಕಡೆ ರಕ್ತ ಹೀರುವ ಉಣ್ಣೆ ಹುಳದ ಕಾಟ ಗೊತ್ತಲ್ವಾ, ಉಣ್ಣೆ ಜ್ವರ ಬಂದರೂ ಹೀಗೇ ಮಂಕಾಗಿ ಊಟ ಬಿಡುತ್ತವೆ. ವಸಡು ಬಿಳಿಚಿಕೊಂಡಿದೆಯಾ ನೋಡಿ. ನಾಯಿಗೆ 101–102 ಡಿಗ್ರಿ ಮಾಮೂಲಿ, 103 ದಾಟಿದರೆ ಜ್ವರವೇ. ಏನೇ ಇರಲಿ, ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ. ಮನೆಯಲ್ಲಿರುವ ಡೋಲೋ, ಬ್ರೂಫೆನ್ ಕೊಡಲೇಬೇಡಿ. ಉಣ್ಣೆಗೆ ಬ್ರಾವೆಕ್ಟೋ ದುಬಾರಿ, ಆದರೆ ಒಂದು ಮಾತ್ರೆ ಮೂರು ತಿಂಗಳು ಕಾಯುತ್ತೆ. ಡಾಕ್ಟರನ್ನು ಕೇಳಿಯೇ ಕೊಡಿ, ಮೂರ್ಛೆ ಬರುವ ನಾಯಿಗೆ ಬೇಡ.

ಕೋಳಿ ಬೇಯಿಸಿದ ನೀರನ್ನು ಅನ್ನಕ್ಕೆ ಕಲಸಿ ಬೆಚ್ಚಗೆ ಇಡಿ. ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು. ಅಂಗಡಿಯಲ್ಲಿ ಸಿಗುವ ನಾಯಿ ಊಟ ಪೆಡಿಗ್ರಿ ಗ್ರೇವಿ ಸ್ವಲ್ಪ ಬೆರೆಸಿದರೆ ಚಿನ್ನಿ ತಿನ್ನುತ್ತಿದ್ದಳು. ಟೈಗರ್ ಜೊತೆ ಹೋಗುತ್ತಿದ್ದ ದಾರಿಯಲ್ಲೇ, ಅದೇ ಹೊತ್ತಿಗೆ ವಾಕಿಂಗ್ ಕರೆದುಕೊಂಡು ಹೋಗಿ. ಗುಂಪಿನಲ್ಲಿ ಬೆಕ್ಕು ಸಾಕಿರುವವರು ಇನ್ನೂ ಹುಷಾರು, ಎರಡು ಮೂರು ದಿನ ಉಪವಾಸ ಬಿದ್ದರೆ ಅವಕ್ಕೆ ಲಿವರ್ ಕೆಡುತ್ತೆ.

ಮೂರನೇ ತಿಂಗಳಲ್ಲಿ ಚಿನ್ನಿ ಪಕ್ಕದ ಮನೆ ಮರಿ ನೋಡಿ ಬೇಲಿ ಹತ್ತಿರ ಬಾಲ ಆಡಿಸಿದಳು. ಆಮೇಲೆಯೇ ನಾನು ಮರಿ ತಂದಿದ್ದು. ಬೇರೆ ತಟ್ಟೆ, ಬೇರೆ ಗೋಣಿ ಕೊಟ್ಟೆ. ನಾಳೆ ಡಾಕ್ಟರ್ ಏನಂದರು ಅಂತ ಇಲ್ಲೇ ಹಾಕಿ ಅಕ್ಕಾ.