ಒಂದೇ ಗಂಟಲು, ಹತ್ತು ಸಲ

ನಮಸ್ಕಾರ.

ಮನೆಯಲ್ಲೇ ಒಬ್ಬರೇ ಹಾಡಿ ಹಾರ್ಮನಿ (ಮುಖ್ಯ ಧ್ವನಿಯ ಜೊತೆಗೇ ಬೇರೆ ಸ್ವರದಲ್ಲಿ ಹಾಡುವ ಧ್ವನಿ), ಕೋರಸ್, ಗುಂಪಿನ ಕೂಗು ಎಲ್ಲ ರೆಕಾರ್ಡ್ ಮಾಡುವುದು ಹೇಗೆ ಅಂತ ನೀವು ಕಳಿಸಿದ ಲೇಖನ ಓದಿದೆ. ಎರಡು ಸಲ ಓದಿದೆ. ಮೊದಲ ಸಲ ಸಂಪಾದಕನಾಗಿ, ಎರಡನೇ ಸಲ ಸಿಟ್ಟಿನಲ್ಲಿ.

ಭಾಷೆ ಚೆನ್ನಾಗಿದೆ, ಎಲ್ಲೂ ಎಡವುವುದಿಲ್ಲ. ಮೈಕ್, ಹೆಡ್‌ಫೋನ್ ಬಗ್ಗೆ ಬರೆದಿದ್ದು ಸರಿಯಾಗಿದೆ. ಆರನೇ ಪ್ಯಾರಾ ವಿಷಯಕ್ಕೆ ಆಮೇಲೆ ಬರುತ್ತೇನೆ. ಹೊಗಳಿಕೆ ಇಷ್ಟು ಸಾಕು, ಅಲ್ವಾ? ನನ್ನ ಜಗಳ ಇರುವುದು ನಾಲ್ಕನೇ ಪ್ಯಾರಾ ಜೊತೆ. ಐದನೆಯದರ ಜೊತೆಗೂ ಸ್ವಲ್ಪ.

ನಾಲ್ಕನೆಯದರ ಮೊದಲ ಸಾಲು: "ನಿಮ್ಮ ಟ್ರ್ಯಾಕನ್ನು ಹತ್ತು ಸಲ ಕಾಪಿ ಮಾಡಿ ಹಾಕಿ, ಕ್ಷಣದಲ್ಲಿ ಹತ್ತು ಜನರ ಗುಂಪು ಸಿದ್ಧ."

ಇದನ್ನು ಬರೆಯುವ ಮೊದಲು ಒಂದು ಸಲವಾದರೂ ಮಾಡಿ ಕೇಳಿದ್ರಾ? ಕೇಳಿದ್ದರೆ ಮುಂದಿನ ವಾಕ್ಯ "ಅಯ್ಯೋ" ಅಂತ ಶುರುವಾಗುತ್ತಿತ್ತು. ಒಂದೇ ಟೇಕಿನ, ಅಂದರೆ ಒಂದೇ ಸಲ ಹಾಡಿದ್ದರ, ಹತ್ತು ಕಾಪಿ ಸೇರಿದರೆ ಗುಂಪಾಗುವುದಿಲ್ಲ, ಸದ್ದು ಜಾಸ್ತಿಯಾಗುತ್ತದೆ ಅಷ್ಟೆ. ಎರಡು ಕಾಪಿಗೆ 6 ಡೆಸಿಬೆಲ್ ಏರುತ್ತದೆ, ಹತ್ತಕ್ಕೆ 20. ಮೀಟರ್ ಕೆಂಪಾಗುತ್ತದೆ. ನೀವು ಫೇಡರನ್ನು 20 ಡೆಸಿಬೆಲ್ ಕೆಳಗೆ ಎಳೆಯುತ್ತೀರಿ. ಈಗ ಕೇಳಿ ನೋಡಿ: ಹೊರಟ ಜಾಗಕ್ಕೇ ಬಂದು ನಿಂತಿದ್ದೀರಿ. ಅದೇ ಒಬ್ಬ ಮನುಷ್ಯ, ಅದೇ ಉಸಿರು. ನಂಬಿಕೆ ಬರದಿದ್ದರೆ ಎರಡೇ ಕಾಪಿ ಇಟ್ಟು ಒಂದರ ಪೊಲಾರಿಟಿ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ. ಪೂರ್ತಿ ಮೌನ. ನಿಮ್ಮ 'ಇಬ್ಬರು' ಒಬ್ಬರನ್ನೊಬ್ಬರು ನುಂಗಿ ನೀರು ಕುಡಿದಿರುತ್ತಾರೆ. ಅದೇ ಸಾಲನ್ನು ಎರಡು ಸಲ ಹಾಡಿದ ಎರಡು ಟೇಕ್ ಇಟ್ಟು ಇದನ್ನೇ ಮಾಡಿ, ಏನು ಮಾಡಿದರೂ ಮೌನ ಸಿಗುವುದಿಲ್ಲ. ಆ ಅಳಿಯದೆ ಉಳಿಯುವ ಸದ್ದಿದೆಯಲ್ಲ, ಗುಂಪು ಅನ್ನಿಸುವುದು ಅದರಿಂದ.

ಎರಡನೇ ಸಾಲು: "ಪ್ರತಿ ಕಾಪಿಯನ್ನೂ 10 ಮಿಲಿಸೆಕೆಂಡಿನಂತೆ ಹಿಂದಕ್ಕೆ ಸರಿಸಿದರೆ ಇನ್ನೂ ಸಹಜವಾಗಿ ಕೇಳುತ್ತದೆ."

ಸಹಜ? ಒಂದೇ ಸದ್ದು ಸರಿಯಾಗಿ 10 ಮಿಲಿಸೆಕೆಂಡಿಗೊಮ್ಮೆ ಮರಳಿ ಬಂದರೆ 100 ಹರ್ಟ್ಸ್, 200, 300 ಹೀಗೆ ಅದರ ಮಗ್ಗಿಯೆಲ್ಲ ಉಬ್ಬುತ್ತದೆ, ನಡುವಿನದು ಕುಸಿಯುತ್ತದೆ. ನೀವು ಯಾವ ಸ್ವರ ಹಾಡಿದರೂ ಅದರ ಮೇಲೆ ಒಂದೇ ಶ್ರುತಿಯ ಗುಂಯ್ ಅನ್ನೋ ಸದ್ದು ಕೂತಿರುತ್ತದೆ. ಪೈಪಿನೊಳಗೆ ಬಾಯಿಟ್ಟು ಮಾತಾಡಿದ ಹಾಗೆ. ಎಡಕ್ಕೂ ಬಲಕ್ಕೂ ಹಂಚಿದರೆ ಹೆಡ್‌ಫೋನಿನಲ್ಲಿ ಸ್ವಲ್ಪ ಮುಚ್ಚಿಹೋಗುತ್ತದೆ, ನಿಜ. ಒಂದೇ ಸ್ಪೀಕರಿನ ಫೋನಿನಲ್ಲಿ ಹಾಕಿ, ಬಣ್ಣ ಬಯಲಾಗುತ್ತದೆ. ಇನ್ನೊಂದು ವಿಷಯ. ಇಷ್ಟು ಕಡಿಮೆ ಅಂತರದಲ್ಲಿ ಒಂದೇ ಸದ್ದು ಎರಡು ಕಡೆಯಿಂದ ಬಂದರೆ ಕಿವಿ ಮೊದಲು ಬಂದ ಕಡೆಯನ್ನೇ ನಂಬುತ್ತದೆ. ಜರ್ಮನ್ ಸಂಶೋಧಕ ಹೆಲ್ಮುಟ್ ಹಾಸ್ 1949ರಲ್ಲೇ ಇದನ್ನು ಅಳೆದು ತೋರಿಸಿದ್ದಾನೆ. ಅಂದರೆ ನಿಮ್ಮ ಮೊದಲ ಕಾಪಿ ಎಡಕ್ಕಿದ್ದರೆ, ಇಡೀ ಗುಂಪು ಎಡಕ್ಕೇ ವಾಲಿಕೊಂಡಿರುತ್ತದೆ.

ಮೂರನೇ ಸಾಲು: "ಬೀಟಲ್ಸ್ ಕೂಡ ಮಾಡಿದ್ದು ಇದನ್ನೇ."

ಅಲ್ಲ. 1966ರಲ್ಲಿ, ಬೀಟಲ್ಸ್ ಹಾಡುತ್ತಿದ್ದ ಇಎಂಐ ಸ್ಟುಡಿಯೋದ ಎಂಜಿನಿಯರ್ ಕೆನ್ ಟೌನ್ಸೆಂಡ್ ಕಂಡುಹಿಡಿದ ಉಪಾಯವನ್ನು ನೀವು ಅರ್ಧ ಕೇಳಿಸಿಕೊಂಡಿದ್ದೀರಿ. ಒಂದೇ ಸಾಲನ್ನು ಎರಡೆರಡು ಸಲ ಹಾಡಲು ಆ ಬ್ಯಾಂಡಿನ ಜಾನ್ ಲೆನನ್‌ಗೆ ಬೇಸರ. ಅದಕ್ಕೆ ಟೌನ್ಸೆಂಡ್ ಆ ಧ್ವನಿಯನ್ನು ಎರಡನೇ ಟೇಪ್ ಯಂತ್ರದ ಮೂಲಕ ಹಾಯಿಸಿ, ಆ ಯಂತ್ರದ ವೇಗವನ್ನು ಆಸಿಲೇಟರಿನಿಂದ (ಏರಿಳಿಯುವ ವಿದ್ಯುತ್ ಸಂಕೇತ ಕೊಡುವ ಸಾಧನ) ಹಿಡಿದು ಆಡಿಸಿದ. ಎರಡು ಧ್ವನಿಗಳ ನಡುವಿನ ಅಂತರ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಶ್ರುತಿಯೂ ಕೂದಲೆಳೆಯಷ್ಟು ಅಲುಗುತ್ತಿತ್ತು. ಗುಟ್ಟು ಇದ್ದದ್ದು ಆ ಅಲುಗಾಟದಲ್ಲಿ. ಅದೂ ಒಬ್ಬ ಇಬ್ಬರಂತೆ ಕೇಳಲಿ ಅಂತ, ಗುಂಪಿಗಲ್ಲ.

ಇಷ್ಟೊಂದು ಯಾಕೆ ಉರಿದುಬೀಳುತ್ತಿದ್ದೀನಿ ಅಂತ ನಿಮಗನ್ನಿಸಬಹುದು. ಈ ತಪ್ಪನ್ನು ನಾನೇ ಮಾಡಿ ಮಂಗನಾಗಿದ್ದೇನೆ, ಅದಕ್ಕೆ.

ನಾನು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಕೈಲಿದ್ದದ್ದು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ. ಒಂದು ನಾಟಕಕ್ಕೆ ಜನಜಂಗುಳಿಯ ಕೂಗು ಬೇಕಿತ್ತು. ಮೂರು ಟ್ರ್ಯಾಕ್ ಕೂಗಿದೆ, ಮೂರನ್ನೂ ಬೆರೆಸಿ ನಾಲ್ಕನೆಯದಕ್ಕೆ ಇಳಿಸಿದೆ, ಮೂರನ್ನು ಅಳಿಸಿ ಮತ್ತೆ ಮೂರು ಕೂಗಿದೆ. ಒಟ್ಟು ಆರು ಧ್ವನಿ. ನಿಮ್ಮ ಹಾಗೆ ಕಾಪಿ ಮಾಡಿರಲಿಲ್ಲ, ಆರನ್ನೂ ಗಂಟಲು ಹರಿಯುವ ಹಾಗೆ ಕೂಗಿದ್ದೆ. ಆದರೂ ಕೇಳಿದರೆ ಗುಂಪಿಲ್ಲ. ನೆಗಡಿಯಾದ ಒಬ್ಬ ಮನುಷ್ಯ ಡಬ್ಬದೊಳಗೆ ಕೂತು ಅರಚಿದ ಹಾಗಿತ್ತು.

ನನಗೆ ಕೆಲಸ ಹೇಳಿಕೊಡುತ್ತಿದ್ದ ಎಂಜಿನಿಯರ್ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇವರೆಲ್ಲ ಯಾಕೆ ಒಂದೇ ಚಪ್ಪಲಿ ಮೇಲೆ ನಿಂತಿದ್ದಾರೆ?"

ಆರು ಸಲವೂ ನಾನು ಮೈಕಿನಿಂದ ಒಂದೇ ಗೇಣು ದೂರದಲ್ಲಿ ನಿಂತಿದ್ದೆ. ಅಷ್ಟು ಹತ್ತಿರ ನಿಂತರೆ ಮೈಕ್ ತಗ್ಗಿನ ಸದ್ದನ್ನು ಉಬ್ಬಿಸುತ್ತದೆ. ಆರು ಪದರದಲ್ಲೂ ಅದೇ ಉಬ್ಬು, ಕೋಣೆಯ ಅದೇ ಗುಂಗು, ಒಂದರ ಮೇಲೊಂದು. ಕೆಳಗಿಳಿಸಿದ್ದನ್ನು ಮತ್ತೆ ಬಿಡಿಸುವ ದಾರಿಯೂ ಇರಲಿಲ್ಲ, ಅಳಿಸಿ ಮೊದಲಿಂದ ಶುರು. ಈ ಸಲ ಅವರು ನನ್ನನ್ನು ಕೋಣೆಯಲ್ಲೆಲ್ಲ ಓಡಾಡಿಸಿದರು. ಒಂದು ಸಲ ಬಾಗಿಲ ಹತ್ತಿರ ಮೈಕಿಗೆ ಬೆನ್ನು ಹಾಕಿ. ಒಂದು ಸಲ ನೆಲದ ಮೇಲೆ ಕೂತು, ಹಲ್ಲಿಲ್ಲದ ಮುದುಕನ ಹಾಗೆ. ಒಂದು ಸಲ ಮೂಗಿನಲ್ಲಿ. ಒಂದು ಸಲ ಬೇಕಂತಲೇ ತಡವಾಗಿ, ಕೂಗು ಶುರುವಾಗಿದೆ ಅಂತ ಈಗಷ್ಟೇ ಗೊತ್ತಾದವನ ಹಾಗೆ. ಕೊನೆಯದು ನಗುತ್ತಾ. "ಇವನಿಗೆ ಏನು ಕೂಗುತ್ತಿದ್ದಾರೆ ಅಂತಲೇ ಗೊತ್ತಿಲ್ಲ, ಸುಮ್ನೆ ಬಂದಿದ್ದಾನೆ" ಅಂದರು. ಆ ಸುಮ್ನೆ ಬಂದವನೇ ಇಡೀ ರೆಕಾರ್ಡಿಂಗನ್ನು ಉಳಿಸಿದ. ಮತ್ತೆ ಆರೇ ಧ್ವನಿ. ಈ ಸಲ ಅರವತ್ತು ಜನ ಕಂಡರು.

ಸರಿ, ಐದನೇ ಪ್ಯಾರಾ. "ಹಾರ್ಮನಿ ಬೇಕಾದರೆ ಧ್ವನಿಯನ್ನು 4 ಸೆಮಿಟೋನ್ ಏರಿಸಿ, ಅಷ್ಟೇ."

ಆ "ಅಷ್ಟೇ" ನನ್ನನ್ನು ಕೊಂದಿತು. ಸೆಮಿಟೋನ್ ಅಂದರೆ ಅರ್ಧ ಸ್ವರದಷ್ಟು ಹೆಜ್ಜೆ. ಶಂಕರಾಭರಣದ ಸ್ವರಗಳನ್ನೇ ತಗೊಳ್ಳಿ, ಮೇಜರ್ ಸ್ಕೇಲ್ ಅಂದರೂ ಸರಿ. ಸ ಹಾಡಿದಾಗ 4 ಏರಿಸಿದರೆ ಗ ಸಿಗುತ್ತದೆ, ಒಳ್ಳೆಯದು. ರಿ ಹಾಡಿದಾಗ 4 ಏರಿಸಿದರೆ? ಪ್ರತಿ ಮಧ್ಯಮ. ಅದು ಈ ಮನೆಯದ್ದೇ ಅಲ್ಲ. ಅಲ್ಲಿ 3 ಬೇಕಿತ್ತು. ಗ ಮೇಲೆ 4 ಏರಿಸಿದರೆ ಶುದ್ಧ ಧೈವತ, ಅದೂ ಹೊರಗಿನದು. ಏಳು ಸ್ವರಗಳಲ್ಲಿ ಸ, ಮ, ಪ ಈ ಮೂರಕ್ಕೆ ಮಾತ್ರ ನಿಮ್ಮ ಲೆಕ್ಕ ಸರಿ. ಉಳಿದ ನಾಲ್ಕರಲ್ಲಿ ಹಾರ್ಮನಿ ಮುಖ್ಯ ಧ್ವನಿಯ ಕಾಲು ತುಳಿಯುತ್ತದೆ. ಜೊತೆಗೆ, ಧ್ವನಿಯನ್ನು ಹಾಗೇ 4 ಸೆಮಿಟೋನ್ ಎತ್ತಿದರೆ ಗಂಟಲಿನ ಅನುರಣನವೂ ಜೊತೆಗೇ ಏರುತ್ತದೆ. ಲೆಕ್ಕ ಹಾಕಿದರೆ ಗಂಟಲಿಂದ ತುಟಿವರೆಗಿನ ಕೊಳವೆ ಐದರಲ್ಲಿ ಒಂದು ಪಾಲು ಗಿಡ್ಡವಾದ ಹಾಗೆ. ದೊಡ್ಡವರ ಪಕ್ಕ ಮಗು ನಿಂತು ಹಾಡಿದಂತೆ ಕೇಳುವುದು ಅದಕ್ಕೇ. ಫಾರ್ಮೆಂಟನ್ನು, ಅಂದರೆ ಆ ಅನುರಣನವನ್ನು, ಇದ್ದಲ್ಲೇ ಉಳಿಸುವ ಬಟನ್ ಇರುತ್ತದೆ, ಸ್ಕೇಲ್ ನೋಡಿ ಏರಿಸುವ ಸಾಫ್ಟ್‌ವೇರೂ ಇದೆ. ನೀವು ಎರಡನ್ನೂ ಹೇಳಿಲ್ಲ. ಹೇಳಿದರೂ ನಾನು ಕೇಳುತ್ತಿದ್ದ ಪ್ರಶ್ನೆ ಅದೇ: ಬಾಯಿ ಇದೆಯಲ್ಲ, ಯಾಕೆ ಹಾಡಬಾರದು?

ನಿಮ್ಮ ಉದಾಹರಣೆಯ ಸಾಲಿನಲ್ಲಿ "ಮತ್ತೆ ಮತ್ತೆ" ಅಂತ ಬರುತ್ತದೆ. ಆ 'ತ್ತ' ಒಳಗೆ ಒಂದು ಪುಟ್ಟ ಮೌನ ಇದೆ, ನಾಲಿಗೆ ಹಲ್ಲಿಗೆ ಅಂಟಿ ನಿಲ್ಲುವಷ್ಟು ಹೊತ್ತು. ಮೂರು ಹಾರ್ಮನಿ ಪದರ ಹಾಡಿದಿರಿ ಅಂದುಕೊಳ್ಳಿ. ಮೂರೂ ಕಡೆ 'ತ' ಒಂದೊಂದು ಕ್ಷಣಕ್ಕೆ ಒಡೆದರೆ ಆ ಮೌನ ತುಂಬಿಹೋಗಿ ಟಕಟಕ ಅನ್ನುತ್ತದೆ. ಮುಖ್ಯ ಧ್ವನಿಯಲ್ಲಿ 'ತ್ತ' ಗಟ್ಟಿಯಾಗಿರಲಿ, ಉಳಿದವುಗಳಲ್ಲಿ ನಾಲಿಗೆ ಸುಮ್ಮನೆ ಸವರಿ ಹೋಗಲಿ. ಗುಂಪಿನ ಕೂಗಿಗಾದರೆ ಉಲ್ಟಾ, ಆ ಟಕಟಕ ಬೇಕೇ ಬೇಕು. ನೀವು ಎರಡನ್ನೂ ಒಂದೇ ಉಪಾಯ ಅಂತ ಬರೆದಿದ್ದೀರಿ.

ಈಗ ಆರನೇ ಪ್ಯಾರಾ. ರಾತ್ರಿ ಮನೆಯವರು ಏಳಬಾರದು ಅಂತ ಕಂಬಳಿ ಹೊದ್ದು, ಇಡೀ ಕೋರಸನ್ನು ಪಿಸುಗುಟ್ಟಿ ರೆಕಾರ್ಡ್ ಮಾಡಿದ್ದು. ಬೆಳಗ್ಗೆ ಅದನ್ನು ಜೋರು ಟೇಕುಗಳ ಹಿಂದೆ ಸಣ್ಣಗೆ ಇಟ್ಟಾಗ ಮಾತುಗಳು ಇದ್ದಕ್ಕಿದ್ದಂತೆ ಸ್ಪಷ್ಟವಾಗಿದ್ದು. ಅದನ್ನು ಓದಿ, ಸುಳ್ಳಲ್ಲ, ಎದ್ದು ಹೋಗಿ ನಾನೂ ಒಂದು ಪಿಸುಮಾತಿನ ಟೇಕ್ ಮಾಡಿದೆ. ಅಲ್ಲಿ ನೀವಿದ್ದೀರಿ. ಬೆವರು ಇದೆ, ಕಂಬಳಿಯ ಚುಚ್ಚು ಇದೆ. ಅದನ್ನು ಮೂರೇ ವಾಕ್ಯಕ್ಕೆ ಮುಗಿಸಿ ಪ್ಲಗಿನ್ (ಧ್ವನಿ ಬದಲಿಸುವ ಸಣ್ಣ ಸಾಫ್ಟ್‌ವೇರ್) ಪಟ್ಟಿಗೆ ಓಡಿದ್ದೀರಿ.

ನಾಲ್ಕು, ಐದು ಎರಡನ್ನೂ ತೆಗೆದುಹಾಕಿ. ಒಂದು ಸಾಲನ್ನು ಎಂಟು ಜಾಗದಲ್ಲಿ ಎಂಟು ಸಲ ಹಾಡಿ. ಎಲ್ಲಿ ನಿಂತಾಗ ಯಾವುದು ಕೆಟ್ಟಿತು, ಯಾವುದು ಕೂಡಿಕೊಂಡಿತು ಅಂತ ಬರೆಯಿರಿ. ಕೆಟ್ಟ ಟೇಕುಗಳ ಬಗ್ಗೆ ಜಾಸ್ತಿ ಬರೆಯಿರಿ. ಆರನೆಯದನ್ನು ಲೇಖನದ ಮೊದಲಿಗೆ ತನ್ನಿ.

ಮತ್ತೆ, ಹಾಡುವಾಗ ಫ್ಯಾನ್ ಆಫ್ ಮಾಡಿ. ಒಂದು ಟೇಕಿನಲ್ಲಿ ಅದು ಕೇಳಿಸುವುದೇ ಇಲ್ಲ. ಎಂಟು ಬೇರೆ ಬೇರೆ ಟೇಕಿನ ಫ್ಯಾನ್ ಸದ್ದು ಸೇರಿದರೆ ಕಾಪಿಗಳಷ್ಟು ಏರುವುದಿಲ್ಲ, ಆದರೂ 9 ಡೆಸಿಬೆಲ್ ಏರಿರುತ್ತದೆ, ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಠಮಾರಿ ಗಾಯಕ ಅದೇ ಆಗಿರುತ್ತದೆ.