ಬ್ರೋಕರ್ ಇಲ್ಲದೆ ನಾವೇ ಮನೆ ಮಾರಬಹುದಾ?

ಕೊಳ್ಳುವವರು ಆಗಲೇ ಇದ್ದರೆ, ಅಂದರೆ ಬಾಡಿಗೆದಾರರೋ ಪಕ್ಕದ ಮನೆಯವರೋ ನೆಂಟರೋ ಕೇಳುತ್ತಿದ್ದರೆ, ನೀವೇ ಮಾರಿ. ಇನ್ನೂ ಹುಡುಕಬೇಕು, ಬಂದವರಿಗೆಲ್ಲ ಮನೆ ತೋರಿಸಲು ಪುರುಸೊತ್ತಿಲ್ಲ ಅಂದರೆ ಬ್ರೋಕರ್ ಇರಲಿ.

ಕಮಿಷನ್ ಪೂರ್ತಿ ನಮಗೇ ಉಳಿಯುತ್ತದೆ ಅನ್ನುವ ಲೆಕ್ಕದಲ್ಲೇ ಜಾಸ್ತಿ ಜನ ಎಡವುತ್ತಾರೆ. ಮಧ್ಯೆ ಬ್ರೋಕರ್ ಇಲ್ಲ ಅನ್ನುವುದು ಕೊಳ್ಳುವವರಿಗೂ ಗೊತ್ತಿರುತ್ತದೆ. "ಹೇಗೂ ಕಮಿಷನ್ ಇಲ್ವಲ್ಲ, ಅಷ್ಟು ಇಳಿಸಿ" ಅಂತಲೇ ಚೌಕಾಸಿ ಶುರು. ಶೇ. 2 ಉಳಿಸಲು ಹೋಗಿ ಬೆಲೆಯಲ್ಲಿ ಶೇ. 5 ಬಿಟ್ಟುಕೊಟ್ಟರೆ ನಷ್ಟ ನಿಮ್ಮದೇ ಅಲ್ವಾ?

ಹಾಗಾಗಿ ಮೊದಲು ಬೆಲೆ ತಿಳಿದುಕೊಳ್ಳಿ. ಜಾಹೀರಾತಿನಲ್ಲಿ ಕಾಣುವುದು ಮಾರುವವರ ಆಸೆಯ ಬೆಲೆ. ನಿಮಗೆ ಬೇಕಾದ್ದು ಅಂಥದೇ ಮನೆ ಅಕ್ಕಪಕ್ಕದಲ್ಲಿ ಈಚೆಗೆ ನಿಜಕ್ಕೂ ಎಷ್ಟಕ್ಕೆ ಹೋಯಿತು ಅನ್ನುವುದು. ಬ್ರೋಕರ್ ಹೇಳಿದ ಬೆಲೆಯನ್ನೂ ಸುಮ್ನೆ ಒಪ್ಪಬೇಡಿ. ನೀವು 100 ಜಾಸ್ತಿ ಗಳಿಸಿದರೆ ಅವರ ಪಾಲಿಗೆ ಬರುವುದು ಬರೀ 2. ಅಷ್ಟಕ್ಕಾಗಿ ಇನ್ನೊಂದು ತಿಂಗಳು ಕಾಯುವ ಬದಲು ಬೇಗ ಮುಗಿಸುವುದೇ ಅವರಿಗೆ ಲಾಭ.

ಕಾಗದಪತ್ರ ನೋಡಲು ವಕೀಲರು ಹೇಗಿದ್ದರೂ ಬೇಕು. ಆ ಖರ್ಚು ಎರಡೂ ದಾರಿಯಲ್ಲಿ ಇದ್ದದ್ದೇ.